ಒಂದೇ ಸೆರಗಿನ ಎರಡು ಕುಡಿಕೆಗಳು

ಆ ಊರನ್ನು ನೋಡಿದವರು ಈಗಲೂ ಅಲ್ಲಲ್ಲಿ ಸಿಗುತ್ತಾರೆ. ಆ ಊರನ್ನು ಕೇಳಿದವರು ಮಾತ್ರ ಹೆಚ್ಚು ಮಂದಿ ಉಳಿದಿಲ್ಲ. ಮಧ್ಯಾಹ್ನದ ಊಟ ಮುಗಿದು, ಬಾಚಣಿಗೆ ಕೊರೆಯುವ ಗರಗಸಗಳೆಲ್ಲ ಸುಮ್ಮನಾಗಿ, ನಾಯಿಗಳು ಕೂಡ ಜಗಲಿಯ ನೆರಳಿಗೆ ಮೈಚೆಲ್ಲಿದ ಹೊತ್ತಿನಲ್ಲಿ ನಮ್ಮ ಬೀದಿಯಲ್ಲಿ ನಡೆದರೆ ಎರಡೂ ಕಡೆಯ ಮನೆಗಳ ಒಳಗಿನಿಂದ ಸಣ್ಣಗೆ ಗುಂಯ್‌ಗುಡುವ ಸದ್ದು ಬರುತ್ತಿತ್ತು. ಹೊಸಬರಾದರೆ ಎಲ್ಲೋ ಜೇನು ಕಟ್ಟಿದೆ ಎಂದುಕೊಂಡು ಸೂರಿನ ಕಡೆ ನೋಡುತ್ತಿದ್ದರು. ಮದುವೆಯಾಗಿ ಬಂದ ಹೊಸತರಲ್ಲಿ ನಾನೂ ಹಾಗೇ ಕತ್ತೆತ್ತಿ ನೋಡಿ, ಬೀದಿಯ ಹೆಂಗಸರ ನಗೆಗೀಡಾಗಿದ್ದೆ.

ಅದು ಕುಡಿಕೆಗಳ ಸದ್ದು. ನಮ್ಮ ಬೀದಿಯೆಲ್ಲ ಮರದ ಬಾಚಣಿಗೆ ಮಾಡುವವರದು. ಮಾಡಿದ್ದನ್ನು ಮಾರಲು ಗಂಡಸರು ದೂರದ ಊರುಗಳಿಗೆ ಹೋಗಬೇಕು. ಹೋದರೆ ತಿಂಗಳುಗಟ್ಟಲೆ, ಕೆಲವು ಸಲ ವರ್ಷಗಟ್ಟಲೆ. ಹೊರಡುವ ಬೆಳಗ್ಗೆ ಹೋಗುವವರು ಅಂಗೈಯಗಲದ ಒಂದು ಹೊಸ ಮಣ್ಣಿನ ಕುಡಿಕೆಯನ್ನು ಬಾಯಿಗೆ ಹಿಡಿದು, ತಮಗೆ ತೋಚಿದ ಒಂದು ಮಾತನ್ನು ಅದರೊಳಗೆ ಆಡಿ ಕೊಡುತ್ತಿದ್ದರು. ತಾಯಿಯೋ ಹೆಂಡತಿಯೋ ತನ್ನ ಸೀರೆಯ ಸೆರಗಿನಿಂದ ಒಂದು ಚೂರು ಹರಿದು ಅದರ ಬಾಯಿ ಬಿಗಿದು ನಾಗಂದಿಗೆಯ ಹಲಗೆಯ ಮೇಲಿಡುತ್ತಿದ್ದಳು. ಅಲ್ಲಿಂದಾಚೆಗೆ ಕುಡಿಕೆ ಗುಂಯ್‌ಗುಡುತ್ತಿತ್ತು. ಒಬ್ಬೊಬ್ಬರದು ಒಂದೊಂದು ಬಗೆ. ಕೆಲವು ದಪ್ಪಗೆ ತಂಬೂರಿಯ ಹಾಗೆ, ಕೆಲವು ಸೊಳ್ಳೆಯಷ್ಟು ತೆಳ್ಳಗೆ. ಹೋದವರು ಎಲ್ಲೇ ಇರಲಿ, ಜೀವದಿಂದಿರುವ ತನಕ ಅವರ ಕುಡಿಕೆ ಗುಂಯ್‌ಗುಡುತ್ತದೆ, ಜೀವ ಹೋದ ಗಳಿಗೆಗೆ ಸುಮ್ಮನಾಗುತ್ತದೆ ಎಂಬುದು ಊರಿನ ಮಾತು. ಸುಮ್ಮನಾದ ಕುಡಿಕೆಯನ್ನು ಕೆರೆಗೆ ಬಿಟ್ಟು, ತಲೆಗೆ ನೀರು ಹಾಕಿಕೊಂಡು, ಹೆಣವಿಲ್ಲದ ಸಾವಿಗೂ ಆಗಬೇಕಾದ್ದನ್ನೆಲ್ಲ ಮಾಡಿ ಮುಗಿಸುತ್ತಿದ್ದರು.

ನಾನು ಬೇರೆ ಊರಿನವಳು. ನನಗೆ ಇದೆಲ್ಲ ತಮಾಷೆಯಾಗಿತ್ತು. ಒಂದು ದಿನ ಅತ್ತೆಯ ಮುಂದೆಯೇ ಬಾಯಿಬಿಟ್ಟೆ: "ನಮ್ಮೂರಲ್ಲಿ ಖಾಲಿ ಗಡಿಗೆಗೆ ಕಿವಿ ಕೊಟ್ರೂ ಗುಂಯ್ ಅಂತದೆ ಅತ್ತೆ."

ನಮ್ಮ ಅತ್ತೆ ಚೆನ್ನಾಜಮ್ಮ ಸಿಟ್ಟಾಗಲಿಲ್ಲ. ಬಾಚಣಿಗೆಯ ಹಲ್ಲುಗಳನ್ನು ಒರಟು ಬಟ್ಟೆಯಲ್ಲಿ ಉಜ್ಜುತ್ತ ಕೂತಿದ್ದವರು ತಲೆ ಕೂಡ ಎತ್ತದೆ ಅಂದರು: "ನಿಮ್ಮೂರ ಗಡಿಗೇಲಿ ಯಾರೂ ಇಲ್ವಲ್ಲವ್ವ. ಅದಕ್ಕೇ ಎಲ್ಲಾ ಒಂದೇ ತರ ಗುಂಯ್ ಅಂತವೆ."

ಅತ್ತೆ ಹಾಗೇ. ಗಟ್ಟಿಯಾಗಿ ಮಾತಾಡಿದವರಲ್ಲ. ಮೂವತ್ತು ದಾಟುವ ಮೊದಲೇ ಗಂಡನನ್ನು ಕಳೆದುಕೊಂಡು, ಮೂರು ಮಕ್ಕಳನ್ನು ಗರಗಸದ ಪಕ್ಕದಲ್ಲೇ ಮಲಗಿಸಿ ಬೆಳೆಸಿದವರು. ದೊಡ್ಡವನು ಮುದ್ದೀರಯ್ಯ, ನನ್ನ ಭಾವ. ಅವರ ಹೆಂಡತಿ ಸಾಕಮ್ಮ, ನಾನು ಅಕ್ಕ ಎನ್ನುತ್ತಿದ್ದವಳು. ನಡುವಿನವರು ನಮ್ಮವರು. ಕೊನೆಯವಳು ಪುಟ್ತಾಯಿ. ಅವಳನ್ನು ಬಾವಿ ತೋಡುವ ಕೆಲಸದವನೊಬ್ಬನಿಗೆ ಕೊಟ್ಟಿದ್ದರು. ಒಳ್ಳೆಯ ಹುಡುಗ, ಆದರೆ ಅವನಿಗೆ ಊರೆಂಬುದಿರಲಿಲ್ಲ. ಎಲ್ಲಿ ನೀರು ಬೇಕೋ ಅಲ್ಲಿಗೆ ಹೋಗುವ ಗುಂಪಿನವನು. ಒಂದು ಕಡೆ ನೀರು ಬಿದ್ದ ಮೇಲೆ ಇನ್ನೊಂದು ಕಡೆ.

ಪುಟ್ತಾಯಿ ಗಂಡನ ಹಿಂದೆ ಹೊರಟದ್ದೂ ಭಾವ ಬಾಚಣಿಗೆಯ ಗಂಟು ಕಟ್ಟಿಕೊಂಡು ಹೊರಟದ್ದೂ ಒಂದೇ ಬೆಳಗ್ಗೆ. ಕವಲುದಾರಿಯವರೆಗೆ ಜೊತೆಯಾಗುತ್ತದೆ ಎಂದು ಹಾಗೆ ಮಾಡಿದ್ದರು. ಅತ್ತೆ ಹೊಸದಾಗಿ ಉಟ್ಟಿದ್ದ ಗಿಣಿಹಸಿರು ಸೀರೆಯ ಸೆರಗಿನಿಂದ ಎರಡು ಚೂರು ಹರಿದರು. ಪುಟ್ತಾಯಿ ಕುಡಿಕೆಯೊಳಗೆ ಏನೋ ಅಂದು ಕಿಸಕ್ಕನೆ ನಕ್ಕಳು, ಆ ನಗೆಯೂ ಒಳಗೇ ಹೋಯಿತು. ಅವಳ ಕುಡಿಕೆ ಗುಂಯ್‌ಗುಡುವಾಗ ನಡುನಡುವೆ ಒಂದು ಸಣ್ಣ ಬಿಕ್ಕಳಿಕೆಯಂಥದು ಕೇಳುತ್ತಿದ್ದದ್ದು ಅದಕ್ಕೇ ಎಂದು ಅತ್ತೆ ಹೇಳುತ್ತಿದ್ದರು. ಭಾವ ಮಾತಿಗೆ ನಾಚುವ ಮನುಷ್ಯ. ಕುಡಿಕೆಯನ್ನು ಹಿಡಿದು ಬಹಳ ಹೊತ್ತು ಯೋಚಿಸಿ, "ಬತ್ತೀನಿ" ಎಂದಷ್ಟೇ ಅಂದು ಕೊಟ್ಟರು. ಅತ್ತೆ ಎರಡನ್ನೂ ಒಂದೇ ಉಂಡೆಯ ದಾರದಲ್ಲಿ ಕಟ್ಟಿ ಅಕ್ಕಪಕ್ಕ ಇಟ್ಟರು.

ಎರಡು ವರ್ಷ ಎರಡೂ ಚೆನ್ನಾಗಿ ಗುಂಯ್‌ಗುಟ್ಟಿದವು. ಭಾವನ ಸುದ್ದಿ ಮೊದಮೊದಲು ಬಂಡಿಯವರ ಬಾಯಲ್ಲಿ ಬರುತ್ತಿತ್ತು, ಆಮೇಲೆ ನಿಂತಿತು. ಪುಟ್ತಾಯಿಯದು ಮೊದಲಿನಿಂದಲೂ ಇರಲಿಲ್ಲ. ಆದರೂ ಮನೆಯಲ್ಲಿ ಯಾರಿಗೂ ದಿಗಿಲಿರಲಿಲ್ಲ. ಅಕ್ಕ ಅಡುಗೆ ಮಾಡುತ್ತ ಮಾಡುತ್ತ ನಾಗಂದಿಗೆಯ ಕಡೆ ಒಂದು ಕಿವಿ ಇಟ್ಟಿರುತ್ತಿದ್ದಳು. ಗಂಡ ಪಕ್ಕದ ಕೋಣೆಯಲ್ಲಿ ಮಲಗಿದ್ದಾನೆ ಅನ್ನುವ ಹಾಗೆ ಇರುತ್ತಿತ್ತು ಅವಳ ಮುಖ. ನಾನೂ ಅಷ್ಟು ಹೊತ್ತಿಗೆ ನಗುವುದನ್ನು ಬಿಟ್ಟಿದ್ದೆ. ನಂಬಿದೆ ಎಂದಲ್ಲ, ಆ ಸದ್ದಿಲ್ಲದೆ ನನಗೆ ಮಧ್ಯಾಹ್ನದ ನಿದ್ದೆ ಹತ್ತುತ್ತಿರಲಿಲ್ಲ.

ದೀಪಾವಳಿಯ ನೀರು ತುಂಬುವ ದಿನ, ಹಂಡೆ ತೊಳೆಯುತ್ತಿದ್ದ ಅಕ್ಕ ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದಳು. "ಒಂದೇ ಕೇಳಿಸ್ತಾ ಐತೆ," ಅಂದಳು. ನಾವೆಲ್ಲ ಓಡಿದೆವು. ಅತ್ತೆ ಭಾವನ ಕುಡಿಕೆಯನ್ನು ಇಳಿಸಿ ಕಿವಿಗಿಟ್ಟುಕೊಂಡರು, ಅಲುಗಿಸಿದರು, ಒಲೆಯ ಹತ್ತಿರ ಹಿಡಿದು ಬೆಚ್ಚಗೆ ಮಾಡಿದರು, ಮತ್ತೆ ಕಿವಿಗಿಟ್ಟುಕೊಂಡರು. ಆಮೇಲೆ ಮಡಿಲಲ್ಲಿ ಇಟ್ಟುಕೊಂಡು ಕೂತುಬಿಟ್ಟರು. ಆ ದೀಪಾವಳಿಗೆ ನಮ್ಮ ಮನೆಯಲ್ಲಿ ದೀಪ ಹಚ್ಚಲಿಲ್ಲ. ಅಕ್ಕನ ಬಳೆ ಒಡೆದರು. ಕೆರೆಯ ದಡದಲ್ಲಿ ನಿಂತು ಕುಡಿಕೆಯನ್ನು ನೀರಿಗೆ ಬಿಟ್ಟಾಗ ಅದು ಮುಳುಗಲೊಲ್ಲದೆ ಸ್ವಲ್ಪ ದೂರ ತೇಲಿತು. ಅತ್ತೆ ಅಳಲಿಲ್ಲ. ಮನೆಗೆ ಬಂದು ಪುಟ್ತಾಯಿಯ ಕುಡಿಕೆಯನ್ನು ನಾಗಂದಿಗೆಯ ನಡುವಿಗೆ ಸರಿಸಿ ಇಟ್ಟು, ಅದರ ಕೆಳಗೇ ಚಾಪೆ ಹಾಸಿಕೊಂಡು ಮಲಗಿದರು. ಆವತ್ತಿನಿಂದ ಅದೇ ಅವರ ಮಲಗುವ ಜಾಗವಾಯಿತು.

ಭಾವ ಬಂದದ್ದು ಅದಾಗಿ ನಾಲ್ಕೈದು ವರ್ಷಕ್ಕೆ, ಒಂದು ಬೆಳಗ್ಗೆ. ಅತ್ತೆ ಬಾಗಿಲ ಮುಂದೆ ಕೂತು ಹುರುಳಿ ಕೇರುತ್ತಿದ್ದರು. ನಾನು ಒಳಗಿನಿಂದ ಮಜ್ಜಿಗೆಯ ಚೊಂಬು ಹಿಡಿದು ಹೊರಗೆ ಬರುವುದಕ್ಕೂ, ಬೀದಿಯ ತುದಿಯಿಂದ ಒಂದು ಕಾಲೆಳೆದುಕೊಂಡು ಬಂದ ಮನುಷ್ಯ ನಮ್ಮ ಮನೆಯ ಮುಂದೆ ನಿಲ್ಲುವುದಕ್ಕೂ ಸರಿಹೋಯಿತು. ಗಡ್ಡ ಬೆಳೆದಿತ್ತು, ಕೆನ್ನೆ ಒಳಗೆ ಹೋಗಿತ್ತು; ಆದರೂ ನನಗೆ ನೋಡಿದ ಕೂಡಲೇ ಗುರುತು ಸಿಕ್ಕಿತು. ಚೊಂಬು ಹಿಡಿದೇ ನಿಂತುಬಿಟ್ಟೆ.

"ಅವ್ವಾ," ಅಂದರು ಭಾವ.

ಅತ್ತೆಯ ಮೊರ ನಿಂತಿತು. ತಲೆಯಿಂದ ಕಾಲಿನವರೆಗೆ ನೋಡಿದರು. ಒಂದು ಗಳಿಗೆ ಎದ್ದು ಹೋಗಿ ಅಪ್ಪಿಕೊಳ್ಳುತ್ತಾರೆ ಎಂದೇ ಅನ್ನಿಸಿತು. ಆಮೇಲೆ ಅವರ ಕಣ್ಣು ತಾನಾಗಿ ಒಳಗೆ, ನಾಗಂದಿಗೆಯ ಕಡೆಗೆ ಹೊರಳಿತು. ಅಲ್ಲಿಂದ ತಿರುಗಿ ಬರುವಷ್ಟರಲ್ಲಿ ಮುಖ ಬೇರೆಯಾಗಿತ್ತು.

"ಯಾರಪ್ಪಾ ನೀನು? ಬಿಸಿಲಲ್ಲಿ ನಡ್ಕೊಂಡ್ ಬಂದಿದೀಯ, ಕೂತ್ಕೊ," ಅಂದರು. "ಮಜ್ಜಿಗೆ ಕೊಡವ್ವ ಅವನಿಗೆ."

"ಅವ್ವ, ನಾನು ಕಣವ್ವ. ಮುದ್ದೀರ."

"ಮಜ್ಜಿಗೆ ಕುಡಿ," ಅಂದರು ಅತ್ತೆ. ಮೊರ ಮತ್ತೆ ಆಡತೊಡಗಿತು, ಆದರೆ ಹುರುಳಿಯೆಲ್ಲ ಹೊರಗೆ ಚೆಲ್ಲುತ್ತಿತ್ತು.

ಬಾವಿಯಿಂದ ಬಂದ ಅಕ್ಕ ಕೊಡವನ್ನು ನಿಧಾನವಾಗಿ ಕೆಳಗಿಟ್ಟಳು. ಕಿರುಚಲಿಲ್ಲ, ಓಡಲಿಲ್ಲ. ಹತ್ತಿರ ಹೋಗಿ ಭಾವನ ಬಲಗೈ ಹಿಡಿದು ಅಂಗೈ ತಿರುಗಿಸಿದಳು. ಹೆಬ್ಬೆರಳಿನ ಬುಡದಲ್ಲಿ ಗರಗಸ ತಾಗಿದ್ದ ಹಳೆಯ ಕಲೆ. ಆ ಕೈಯನ್ನು ಹಾಗೇ ಎಳೆದುಕೊಂಡು ಅತ್ತೆಯ ಮುಂದೆ ಹಿಡಿದಳು. "ನೋಡಿ ಅತ್ತೆ."

"ಬಾಚಣಿಗೆ ಕೊರೆಯೋರ ಕೈಲೆಲ್ಲ ಈ ಕಲೆ ಇರ್ತದೆ ಕಣವ್ವ," ಅಂದರು ಅತ್ತೆ, ನೋಡದೆಯೇ.

ಸಂಜೆಯ ಹೊತ್ತಿಗೆ ಬೀದಿಯೆಲ್ಲ ನಮ್ಮ ಮನೆಯಲ್ಲಿ ನೆರೆಯಿತು. ಬಂದವರಲ್ಲಿ ಸಂತೋಷಕ್ಕಿಂತ ದಿಗಿಲೇ ಹೆಚ್ಚಾಗಿತ್ತು. ಬೀದಿಗೆಲ್ಲ ಹಿರಿಯರು ಓಬಯ್ಯನವರು. ಅವರ ಇಬ್ಬರು ಗಂಡುಮಕ್ಕಳ ಕುಡಿಕೆಗಳು ಮನೆಯಲ್ಲಿ ಗುಂಯ್‌ಗುಡುತ್ತಿದ್ದವು. ಎದುರುಮನೆಯಾಕೆಯ ತಮ್ಮನನ್ನು ಮಣ್ಣು ಮಾಡಿದ್ದನ್ನು ಕಣ್ಣಾರೆ ಕಂಡೆವೆಂದು ಮೂವರು ಬಂದು ಹೇಳಿದ್ದರೂ, ಅವನ ಕುಡಿಕೆ ಗುಂಯ್‌ಗುಡುತ್ತಲೇ ಇದ್ದುದರಿಂದ ಆ ಮೂವರದೇ ಕಣ್ಣು ಸರಿಯಿಲ್ಲವೆಂದು ತೀರ್ಮಾನವಾಗಿತ್ತು. ಈಗ ಸತ್ತವನೊಬ್ಬ ಬಂದು ಜಗಲಿಯ ಮೇಲೆ ಮಜ್ಜಿಗೆ ಕುಡಿಯುತ್ತ ಕೂತಿದ್ದ. ಪ್ರತಿಯೊಬ್ಬರೂ ಭಾವನ ಮುಖವನ್ನು ನೋಡುತ್ತ ತಂತಮ್ಮ ನಾಗಂದಿಗೆಯನ್ನು ನೆನೆಯುತ್ತಿದ್ದರು.

ಭಾವ ತಮ್ಮ ಕಥೆ ಹೇಳಿದರು. ಕವಲುದಾರಿಯಲ್ಲಿ ಪುಟ್ತಾಯಿಯನ್ನು ಬಿಟ್ಟ ಮೇಲೆ ಅವಳನ್ನು ಕಾಣಲಿಲ್ಲ. ಮೂರನೆಯ ವರ್ಷ ಯಾವುದೋ ಇಳಿಜಾರಿನಲ್ಲಿ ಬಂಡಿ ಮಗುಚಿ ಕಾಲು ಮುರಿಯಿತು. ಎತ್ತಿ ಕೊಂಡೊಯ್ದವರು ಮನೆಯಲ್ಲಿಟ್ಟುಕೊಂಡು ನೋಡಿಕೊಂಡರು. ಮೂಳೆ ಸೊಟ್ಟಗೆ ಕೂಡಿಕೊಂಡು ನಡೆಯುವುದಕ್ಕೇ ಬಹಳ ಕಾಲ ಹಿಡಿಯಿತು. ಇಬ್ಬರು ಬಂಡಿಯವರ ಕೈಲಿ ಹೇಳಿ ಕಳಿಸಿದರಂತೆ. ನಮಗೆ ಯಾವುದೂ ಮುಟ್ಟಲಿಲ್ಲ.

ಓಬಯ್ಯನವರು ಮುಂದಕ್ಕೆ ಬಾಗಿ ಕೇಳಿದರು. "ಮುದ್ದೀರಪ್ಪ, ನೆನಪು ಮಾಡ್ಕೊ. ಆ ದೀಪಾವಳಿ ನೀರು ತುಂಬೋ ದಿನ, ಬೆಳಗ್ಗೆ. ನಿನಗೆ ಏನಾಯ್ತು?"

ಭಾವ ಯೋಚಿಸಿದರು. "ಏನೂ ಆಗ್ಲಿಲ್ಲ ಯಜಮಾನ್ರೆ. ಆವಾಗಿನ್ನೂ ಕಾಲು ಸರಿಯಾಗೇ ಇತ್ತು. ಒಂದು ಮನೇಲಿ ಹಬ್ಬಕ್ಕೆ ಅಂತ ಕರೆದು ಹೋಳಿಗೆ ಹಾಕಿದ್ರು."

ಯಾರಿಗೂ ಆ ಹೋಳಿಗೆ ರುಚಿಸಲಿಲ್ಲ. "ತಲೆ ಗಿಲೆ ಸುತ್ತಿತಾ?" "ಗಂಟಲಿಗೆ ಸಿಕ್ಕಾಕ್ಕೊಂಡು ಒಂದೀಟು ಹೊತ್ತು ಉಸಿರು ನಿಂತಿತಾ?" ಎಂದು ಒಬ್ಬೊಬ್ಬರೂ ಕೇಳತೊಡಗಿದರು. ಭಾವ ಇಲ್ಲ, ಇಲ್ಲ ಎಂದೇ ಅನ್ನುತ್ತಿದ್ದರು. ಅಷ್ಟರಲ್ಲಿ ಎದುರುಮನೆಯಾಕೆ ಕೈಮುಗಿದುಕೊಂಡು ನಿಂತಿದ್ದದ್ದು ಅವರ ಕಣ್ಣಿಗೆ ಬಿತ್ತು. ಆಕೆ ಬಾಯಿಬಿಟ್ಟು ಏನನ್ನೂ ಕೇಳಿರಲಿಲ್ಲ. ಭಾವ ಆಕೆಯನ್ನೇ ಒಂದಿಷ್ಟು ಹೊತ್ತು ನೋಡಿದರು.

"ಇರಬಹುದು," ಅಂದರು ಆಮೇಲೆ, ಮೆಲ್ಲಗೆ. "ಒಂದೀಟು ತಲೆ ಸುತ್ತಿತ್ತು ಅಂತ ಕಾಣ್ತದೆ."

ಜಗಲಿಯ ತುಂಬ ಉಸಿರು ಸಡಿಲವಾಯಿತು. ಅದೂ ಸಾಲದೆಂದು ಓಬಯ್ಯನವರು ಇನ್ನೊಂದು ಗಂಟು ಹಾಕಿದರು. "ಜೀವ ಹೋಗಿ ಬಂದಿರ್ತದೆ. ಇಲ್ಲಾ ಅಂದ್ರೆ ಕಟ್ಟಿದ್ದರಲ್ಲಿ ಐಬು. ಬಟ್ಟೆ ಸಡಿಲಾಗಿ ಉಸಿರು ಆಚೆ ಹೋಗೈತೆ. ಚೆನ್ನಾಜವ್ವ, ನೀನು ಎರಡೆರಡು ಕುಡಿಕೆ ಕಟ್ಟೋ ಗಡಿಬಿಡೀಲಿ ಗಂಟು ಸರಿಯಾಗಿ ಹಾಕ್ಲಿಲ್ಲ. ಅಷ್ಟೇ. ಮಗ ಬಂದವ್ನೆ, ಒಳಕ್ಕೆ ಕರ್ಕೊ."

ಎಲ್ಲರೂ ಅತ್ತೆಯ ಕಡೆ ತಿರುಗಿದರು. ಎಷ್ಟು ಸುಲಭದ ದಾರಿ ಅದು! ಹೂಂ ಅಂದಿದ್ದರೆ ಊರಿನ ಕುಡಿಕೆಗಳೂ ಉಳಿಯುತ್ತಿದ್ದವು, ಮಗನೂ ಒಳಗೆ ಬರುತ್ತಿದ್ದ.

"ನನ್ನ ಗಂಟು ಸಡಿಲ ಆಗಿಲ್ಲ," ಅಂದರು ಅತ್ತೆ. ಎದ್ದು ಒಳಗೆ ಹೋದರು.

ಅಕ್ಕ ಆವತ್ತೇ ತನ್ನ ಬಟ್ಟೆಯ ಗಂಟು ಎತ್ತಿಕೊಂಡು ಭಾವನ ಜೊತೆ ಹಿತ್ತಲ ಆಚೆಗಿದ್ದ ಕೆಲಸದ ಕೊಟ್ಟಿಗೆಗೆ ಹೋದಳು. ಹೋಗುವಾಗ ಅತ್ತೆಯ ಕಾಲಿಗೆ ಬಿದ್ದಳು. "ನಿಮಗೆ ಇನ್ನೊಂದು ಕುಡಿಕೆ ಐತೆ ಅತ್ತೆ. ನನಗೆ ಇದ್ದದ್ದು ಒಂದೇ. ಅದು ಹೋಯ್ತು, ಮನುಷ್ಯ ಬಂದ. ನನಗೆ ಮನುಷ್ಯನೇ ಸಾಕು," ಅಂದಳು. ಅತ್ತೆ ಅವಳ ತಲೆ ಸವರಿದರು. ತಡೆಯಲಿಲ್ಲ. ನಾಲ್ಕು ಪಾತ್ರೆ, ಒಂದು ಮೂಟೆ ರಾಗಿ, ಹೊದೆಯಲು ಕಂಬಳಿ ನನ್ನ ಕೈಲೇ ಕಳಿಸಿದರು. ಮಾರನೆಯ ವಾರ ಬಳೆಗಾರ ಬಂದಾಗ ಅವನನ್ನು ಕೊಟ್ಟಿಗೆಯ ಕಡೆ ಕೈತೋರಿಸಿ ಕಳಿಸಿದವರೂ ಅವರೇ.

ನನಗೆ ತಡೆಯಲಾಗಲಿಲ್ಲ. ಒಂದು ಮಧ್ಯಾಹ್ನ ಹಿತ್ತಲ ಜಗಲಿಯಲ್ಲಿ ಅತ್ತೆ ನನ್ನ ತಲೆ ಬಾಚುತ್ತಿದ್ದರು. ಆ ಊರಿನಲ್ಲಿ ಸೊಸೆಯರ ತಲೆ ಬಾಚುವುದು ಅತ್ತೆಯರ ಕೆಲಸ. ಎಷ್ಟೇ ಜಗಳವಿದ್ದರೂ ಅದೊಂದು ತಪ್ಪುತ್ತಿರಲಿಲ್ಲ. ಮುಖ ಕಾಣದಿರುವುದರಿಂದ ಆ ಹೊತ್ತಿನಲ್ಲಿ ಏನು ಬೇಕಾದರೂ ಕೇಳಬಹುದಿತ್ತು.

"ಅತ್ತೆ, ಅವರು ಭಾವನೇ ಅಂತ ನಿಮಗೂ ಗೊತ್ತು, ಅಲ್ವ?"

ಬಾಚಣಿಗೆ ನೆತ್ತಿಯಿಂದ ತುದಿಯವರೆಗೆ ಒಂದು ಸಲ ಪೂರ್ತಿ ಇಳಿಯಿತು.

"ಹೆತ್ತವಳಿಗೆ ಗೊತ್ತಾಗಲ್ವೇನೆ," ಅಂದರು. ಕೂದಲಿನ ಸಿಕ್ಕೊಂದನ್ನು ಬಿಡಿಸಿ ಮುಂದುವರಿಸಿದರು. "ಅವನೇ ಅಂತ ಕರ್ಕೊಂಡ್ರೆ ಆ ಕುಡಿಕೆ ಸುಳ್ಳಾಯ್ತು. ಒಂದೇ ಸೀರೆ ಹರಿದಿದ್ದು ಕಣವ್ವ, ಒಂದೇ ದಾರ, ಇದೇ ಕೈ. ಅವನದು ಸುಳ್ಳು ಅಂದ್ರೆ ಅವಳದು ದಿಟ ಅಂತ ಯಾವ ಬಾಯಲ್ಲಿ ಅನ್ಲಿ? ಅವನು ಎಲ್ಲಾದರೂ ಇರ್ಲಿ, ಏನಾದರೂ ಅಂದ್ಕೊಳ್ಳಿ. ಕೊಟ್ಟಿಗೇಲಿ ಅವ್ನೆ, ಉಣ್ತಾನೆ, ಕೆಮ್ಮಿದ್ರೆ ನನಗೆ ಕೇಳ್ತದೆ. ಪುಟ್ತಾಯಿಗೆ ಈ ಸದ್ದು ಬಿಟ್ಟರೆ ಈ ಮನೇಲಿ ಇನ್ನೇನೈತೆ?"

ತಲೆ ಬಾಚುವುದು ಮುಗಿಯಿತು. ಜಡೆಯ ತುದಿಗೆ ಗಂಟು ಹಾಕಿ, ಎಂದಿನಂತೆ ಭುಜಕ್ಕೊಂದು ಸಣ್ಣ ಏಟು ಕೊಟ್ಟು, "ಏಳು, ದನಕ್ಕೆ ನೀರಿಡು," ಅಂದರು. ಆಮೇಲೆ ನಾನು ಆ ಮಾತು ಎತ್ತಲಿಲ್ಲ. ನಮ್ಮವರಿಗೆ ಹೇಳಿದೆ. ಅವರು ಹಗಲೆಲ್ಲ ಅಣ್ಣನ ಪಕ್ಕದಲ್ಲಿ ಕೂತು ಗರಗಸ ಎಳೆಯುತ್ತಿದ್ದರು, ಸಂಜೆ ಅವ್ವನ ಪಕ್ಕದಲ್ಲಿ ಕೂತು ಉಣ್ಣುತ್ತಿದ್ದರು. "ಅಣ್ಣ ಅಣ್ಣನೇ, ಅವ್ವ ಅವ್ವನೇ," ಎಂದಷ್ಟೇ ಅಂದು ಮಗ್ಗುಲಾದರು. ಭಾವನಿಗೂ ಅವರೇ ಹೇಳಿರಬೇಕು. ಒಂದೆರಡು ತಿಂಗಳು ಸಿಡಿಮಿಡಿಗುಟ್ಟುತ್ತಿದ್ದವರು, ಹಿತ್ತಲ ಬಾಗಿಲ ಕಡೆ ಮುಖ ಹಾಕದಿದ್ದವರು, ಆಮೇಲಿಂದ ದಿನಾ ಬೆಳಗ್ಗೆ ಒಂದು ಕಟ್ಟು ಸೌದೆ ಸೀಳಿ ನಮ್ಮ ಬಾಗಿಲಿಗೆ ಒರಗಿಸಿ ಹೋಗತೊಡಗಿದರು. ಅತ್ತೆ ಆ ಸೌದೆಯಲ್ಲೇ ಒಲೆ ಹಚ್ಚುತ್ತಿದ್ದರು.

ಹಿರಿಯರ ಹಬ್ಬ ಬಂತು. ತೀರಿಹೋದವರಿಗೆಲ್ಲ ಎಲೆ ಹಾಕಿ ಎಡೆ ಇಡುವ ದಿನ. ಹಿಂದಿನ ವರ್ಷಗಳಲ್ಲಿ ಮಾವನ ಎಡೆಯ ಪಕ್ಕದಲ್ಲಿ ಭಾವನ ಹೆಸರಿನಲ್ಲೂ ಒಂದು ಎಡೆ ಇಡುತ್ತಿದ್ದರು. ಈ ವರ್ಷ ಏನು ಮಾಡುತ್ತಾರೋ ಎಂದು ನಾನು ಅವರ ಕೈಯನ್ನೇ ನೋಡುತ್ತಿದ್ದೆ. ಅತ್ತೆ ನಸುಕಿನಲ್ಲೇ ಎದ್ದು ಮಡಿಯಾಗಿ ಒತ್ತುಶಾವಿಗೆ ಮಾಡಲು ಕೂತರು. ಭಾವನಿಗೆ ಪ್ರಾಣ ಅದು. ಶಾವಿಗೆ, ಮೇಲೆ ಬೆಲ್ಲ ಏಲಕ್ಕಿ ಹಾಕಿದ ಕಾಯಿಹಾಲು. ಮೂರು ಎಲೆ ಹಾಕಿದರು. ಮಾವನಿಗೆ, ಮಾವನ ಅವ್ವನಿಗೆ, ಭಾವನಿಗೆ. ಧೂಪ ಹಾಕಿ, ಬಾಗಿಲು ಮರೆಮಾಡಿ, ಹಿರಿಯರು ಉಣ್ಣಲಿ ಎಂದು ನಾವೆಲ್ಲ ಹೊರಗೆ ನಿಂತೆವು. ಬಾಗಿಲು ತೆರೆದ ಮೇಲೆ ಅತ್ತೆ ನನ್ನ ಕಡೆ ನೋಡದೆ ಅಂದರು: "ಕೊಟ್ಟಿಗೇಲಿ ಆ ಬಾಚಣಿಗೆಯವನು ಇದ್ರೆ ಕರೆಯವ್ವ. ಹಬ್ಬದ ದಿನ ಒಬ್ಬ ಹೊರಗಿನವನಿಗೆ ಉಣ್ಣಕ್ಕೆ ಇಕ್ಕಬೇಕು."

ಭಾವ ಬಂದರು. ಕಾಲು ತೊಳೆದು, ಸೊಟ್ಟಗಾಲನ್ನು ಒಂದು ಪಕ್ಕಕ್ಕೆ ಚಾಚಿ, ಅತ್ತೆ ತೋರಿಸಿದ ಎಲೆಯ ಮುಂದೆ ಕೂತರು. ಅದು ಅವರದೇ ಎಡೆ. ಅವರಿಗೂ ಗೊತ್ತು, ಬಾಗಿಲ ಬಳಿ ನಿಂತಿದ್ದ ಅಕ್ಕನಿಗೂ ಗೊತ್ತು. ಒಂದು ತುತ್ತು ಬಾಯಿಗಿಟ್ಟು ಸುಮ್ಮನೆ ಅಗಿದರು. ನಾನು ಕಣ್ಣು ಬೇರೆ ಕಡೆ ತಿರುಗಿಸಿದೆ.

"ಬೆಲ್ಲ ಕಮ್ಮಿ ಆಯ್ತು ಕಣವ್ವ," ಅಂದರು ಭಾವ.

ಅತ್ತೆ ಬೆಲ್ಲದ ಡಬ್ಬಿಯನ್ನೇ ತಂದರು. ಕೈತುಂಬ ಪುಡಿ ತೆಗೆದು ಎಲೆಗೆ ಸುರಿದು, ಮೇಲೆ ಇನ್ನೊಂದು ಸೌಟು ಕಾಯಿಹಾಲು ಹುಯ್ದರು. "ಅವನೂ ಹಂಗೇ ಇದ್ದ," ಅಂದರು. "ಎಷ್ಟು ಹಾಕಿದ್ರೂ ಕಮ್ಮಿ, ಎಷ್ಟು ಹಾಕಿದ್ರೂ ಕಮ್ಮಿ."

"ಅವನ್ಗೆ ಸಿಹಿ ಜಾಸ್ತಿ ಬೇಕಾಗಿತ್ತು ಅಂತ ಕಾಣ್ತದೆ," ಅಂದರು ಭಾವ, ಎಲೆಯಿಂದ ತಲೆಯೆತ್ತದೆ.

"ಹೂಂ. ತಂಗಿ ಪಾಲಿಂದೂ ಕಸ್ಕೊಂಡು ತಿನ್ನೋನು."

"ಅವಳೂ ಸುಮ್ಕೆ ಬಿಡೋಳಲ್ಲ. ಕಚ್ಚೋಳು."

ಅತ್ತೆ ನಕ್ಕುಬಿಟ್ಟರು. ಎಷ್ಟೋ ವರ್ಷದ ಮೇಲೆ ನಾನು ಕೇಳಿದ ನಗು. ನಕ್ಕ ಮೇಲೆ ಸೌಟು ಹಿಡಿದ ಕೈಯಲ್ಲೇ ಕಣ್ಣೊರೆಸಿಕೊಂಡು, "ಹೊಗೆ," ಅಂದರು. ಒಲೆ ಆರಿ ಬಹಳ ಹೊತ್ತಾಗಿತ್ತು.

ಅಲ್ಲಿಂದ ಪ್ರತಿ ವರ್ಷವೂ ಹಾಗೇ ನಡೆಯಿತು. ಭಾವ ತಮ್ಮ ತಿಥಿಯ ಊಟವನ್ನು ತಾವೇ ಉಂಡು ಎದ್ದು ಹೋಗುತ್ತಿದ್ದರು. ಮೊದಲ ವರ್ಷ ಬೀದಿಯವರು ಮರೆಯಲ್ಲಿ ಆಡಿಕೊಂಡರು. ಮೂರನೆಯ ವರ್ಷದ ಹೊತ್ತಿಗೆ, "ಚೆನ್ನಾಜವ್ವನ ಮನೇಲಿ ಈ ಸಲ ಮುದ್ದೀರನ ಎಡೆಗೆ ಏನು ಮಾಡಿದ್ರಂತೆ?" ಎಂದು ಭಾವನನ್ನೇ ಕೇಳುತ್ತಿದ್ದರು. ಅಕ್ಕನಿಗೆ ಹೆಣ್ಣು ಮಗುವಾಯಿತು. ಬಾಣಂತನಕ್ಕೆ ಅತ್ತೆಯೇ ನಿಂತರು. ಎಣ್ಣೆ ಹಚ್ಚಿ, ಕಾಲ ಮೇಲೆ ಮಲಗಿಸಿಕೊಂಡು ಬಿಸಿನೀರು ಹುಯ್ದರು. ಯಾರಾದರೂ ಯಾರ ಮಗು ಎಂದು ಕೇಳಿದರೆ, "ಕೊಟ್ಟಿಗೆ ಮನೇದು" ಎನ್ನುತ್ತಿದ್ದರು. ಆ ಮಗು ಅತ್ತೆಯನ್ನು ಅಜ್ಜಿ ಎಂದು ಕರೆದರೆ ಅದಕ್ಕೇನೂ ಅಡ್ಡಿಯಿರಲಿಲ್ಲ, ಮುದುಕಿಯರನ್ನು ಎಲ್ಲ ಮಕ್ಕಳೂ ಹಾಗೇ ಕರೆಯುತ್ತವಲ್ಲ. ಒಂದು ಮಾತನ್ನು ಬಾಯಿಂದ ಆಡದೆಯೇ ಎಷ್ಟು ವರ್ಷ, ಎಷ್ಟು ಚೆನ್ನಾಗಿ ಬದುಕಬಹುದು ಎಂದು ನಾನು ಕಲಿತದ್ದು ಆ ಮನೆಯಲ್ಲೇ. ಈಗ ನಾನಿರುವ ಊರಿನಲ್ಲಿ ಎಲ್ಲರೂ ಎಲ್ಲವನ್ನೂ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾರೆ. ನನ್ನ ಮೊಮ್ಮಕ್ಕಳು ಈ ಕಥೆ ಕೇಳಿ, "ಅಷ್ಟೂ ಜನಕ್ಕೆ ಬುದ್ಧಿ ಇರಲಿಲ್ವಾ ಅಜ್ಜಿ?" ಎನ್ನುತ್ತವೆ. ಇತ್ತು ಎನ್ನುತ್ತೇನೆ.

ಆಮೇಲೆ ಪ್ಲಾಸ್ಟಿಕ್ ಬಾಚಣಿಗೆಗಳು ಬಂದವು. ಗರಗಸಗಳು ಒಂದೊಂದಾಗಿ ನಿಂತವು. ಹೋದವರು ಕುಡಿಕೆಯಲ್ಲಿ ಮಾತಾಡಿಟ್ಟು ಹೋಗುವ ಬದಲು ಹೆಂಡತಿ ಮಕ್ಕಳನ್ನೇ ಕರೆದುಕೊಂಡು ಹೋಗತೊಡಗಿದರು. ಓಬಯ್ಯನವರ ಇಬ್ಬರು ಮಕ್ಕಳಲ್ಲಿ ಒಬ್ಬ ತಿರುಗಿ ಬಂದ, ಇನ್ನೊಬ್ಬ ಬರಲಿಲ್ಲ. ಬಂದವನನ್ನು ತೋರಿಸಿ, "ಕುಡಿಕೆ ಹೇಳಿದ್ದು ದಿಟ ಆಯ್ತಲ್ಲ" ಎಂದು ಅವರು ಬೀದಿಗೆಲ್ಲ ಬೆಲ್ಲ ಹಂಚಿದರು. ಬಾರದವನ ಮಾತನ್ನು ಯಾರೂ ಎತ್ತಲಿಲ್ಲ.

ಅತ್ತೆಗೆ ಕಿವಿ ಮಂದವಾಗತೊಡಗಿತು. ಮೊದಲು ಬೀದಿಯ ಮಾತು ಹೋಯಿತು, ಆಮೇಲೆ ನಮ್ಮ ಮಾತು. ಕುಡಿಕೆಯನ್ನು ಕಿವಿಗಿಟ್ಟುಕೊಂಡರೂ ಕೇಳದಾದಾಗ ಅಂಗೈಯಲ್ಲಿ ಹಿಡಿದು ಬೆರಳುಗಳನ್ನು ಅದರ ಹೊಟ್ಟೆಗೆ ಒತ್ತಿಕೊಳ್ಳುತ್ತಿದ್ದರು. "ಬೆರಳಿಗೆ ತಿಳೀತದೆ," ಎನ್ನುತ್ತಿದ್ದರು. "ನಗ್ತಾ ಅವ್ಳೆ." ಬೇರೆ ಯಾರ ಕೈಗೂ ಅದನ್ನು ಕೊಡುತ್ತಿರಲಿಲ್ಲ. ತಾವೇ ಇಳಿಸುವುದು, ತಾವೇ ಒರೆಸುವುದು, ತಾವೇ ಇಡುವುದು. ಗಿಣಿಹಸಿರು ಬಟ್ಟೆ ಬಣ್ಣಗೆಟ್ಟು ಒಣಗಿದ ಎಲೆಯ ಹಾಗಾಗಿತ್ತು.

ಮಾಗಿಯ ಚಳಿಯಲ್ಲಿ ಅತ್ತೆ ಹಾಸಿಗೆ ಹಿಡಿದರು. ಹದಿನೈದು ದಿನಕ್ಕೆ ಮೇಲೇಳದಂತಾದರು. ಬೆರಳುಗಳು ಊದಿಕೊಂಡು ಜೋಮು ಹಿಡಿದಿದ್ದವು. ಭಾವ ಹಗಲೆಲ್ಲ ಅವರ ತಲೆಯ ಹತ್ತಿರ ಕೂತಿರುತ್ತಿದ್ದರು. ಕಾಯಿಲೆಯವರ ಬಳಿ ಹೊರಗಿನವರು ಕೂರಬಾರದೆಂದೇನೂ ಇಲ್ಲವಲ್ಲ. ಆ ಬೆಳಗ್ಗೆ ಅಕ್ಕ ಗಂಜಿ ಕುಡಿಸುತ್ತಿದ್ದಳು. ಅತ್ತೆ ಗಂಜಿಯ ಬಟ್ಟಲನ್ನು ದೂಡಿ, ನನ್ನ ಕಡೆ ನೋಡಿ, ಮೇಲೆ ಕೈ ತೋರಿಸಿದರು. ನಾನು ನಾಗಂದಿಗೆಯಿಂದ ಪುಟ್ತಾಯಿಯ ಕುಡಿಕೆಯನ್ನು ಇಳಿಸಿ ಅವರ ಅಂಗೈಗಳ ನಡುವೆ ಇಟ್ಟೆ. ಅವರು ಒತ್ತಿಕೊಂಡರು. ಒಂದಿಷ್ಟು ಹೊತ್ತು ಕಣ್ಣು ಮುಚ್ಚಿದ್ದರು. ಆಮೇಲೆ ತೆರೆದರು. ಅಂಥ ಹೆದರಿಕೆಯನ್ನು ಅವರ ಮುಖದಲ್ಲಿ ನಾನು ಎಂದೂ ಕಂಡಿರಲಿಲ್ಲ.

"ನನ್ನ ಬೆರಳು ಸತ್ತೋಗವೆ. ನೀ ಕೇಳವ್ವ."

ಕುಡಿಕೆಯನ್ನು ಕಿವಿಗಿಟ್ಟುಕೊಂಡೆ. ಏನೂ ಇರಲಿಲ್ಲ. ಇನ್ನೊಂದು ಕಿವಿಗಿಟ್ಟುಕೊಂಡೆ. ನಮ್ಮೂರಿನ ಖಾಲಿ ಗಡಿಗೆಯಲ್ಲಿ ಬರುವ ಗಾಳಿಯ ಸದ್ದು ಕೂಡ ಇರಲಿಲ್ಲ. ಅದು ಯಾವಾಗ ಸುಮ್ಮನಾಗಿತ್ತೋ, ಎಷ್ಟು ವರ್ಷದಿಂದ ಅವರ ಬೆರಳುಗಳು ತಾವಾಗಿ ನಗೆಯನ್ನು ಹುಡುಕಿಕೊಳ್ಳುತ್ತಿದ್ದವೋ. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು. ಕಿವಿ ಹೋದವರು ಮುಖವನ್ನು ಎಷ್ಟು ಚೆನ್ನಾಗಿ ಓದುತ್ತಾರೆ!

ಅವರು ನಿಧಾನವಾಗಿ ಕತ್ತು ಹೊರಳಿಸಿ ಭಾವನ ಕಡೆ ನೋಡಿದರು.

"ಮುದ್ದೀರಾ," ಅಂದರು. "ಅವಳಿಗೆ ತಿಳಿಯಾಕಿಲ್ಲ, ಅವಳು ಬೇರೆ ಊರೋಳು. ನಿನ್ನ ತಂಗಿ ಏನಂತಾಳೆ, ನೀ ಕೇಳಪ್ಪಾ."

ಅಕ್ಕನ ಕೈಯಿಂದ ಬಟ್ಟಲು ಜಾರಿತು. ಯಾರೂ ಎತ್ತಿಕೊಳ್ಳಲಿಲ್ಲ. ಅಷ್ಟು ವರ್ಷಗಳಲ್ಲಿ ಅತ್ತೆ ಭಾವನನ್ನು ಎದುರಿಗಿಟ್ಟುಕೊಂಡು ಆ ಹೆಸರು ಹಿಡಿದು ಕರೆದಿರಲಿಲ್ಲ. ಭಾವ ನನ್ನ ಕಡೆ ಕೈ ಚಾಚಿದರು. ಆಮೇಲೆ ನನ್ನ ಕೈಯಿಂದ ಕುಡಿಕೆಯನ್ನು ತೆಗೆದುಕೊಂಡು ಕಿವಿಗಿಟ್ಟುಕೊಂಡರು. ಬಹಳ ಹೊತ್ತು ಕೇಳಿದರು. ನಿಜವಾಗಿಯೂ ಕೇಳುತ್ತಿರುವವರ ಹಾಗೆ ನಡುವೆ ಒಮ್ಮೆ ಹುಬ್ಬು ಮೇಲೇರಿಸಿದರು. ಆಮೇಲೆ ಅವ್ವನ ಕಿವಿಯ ಹತ್ತಿರಕ್ಕೆ ಬಾಗಿ, ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದರು.

"ಜೋರಾಗೈತೆ ಕಣವ್ವ! ನಗ್ತಾ ಅವ್ಳೆ, ಅವತ್ತಿನ ಹಂಗೇ!"

ಅತ್ತೆಯ ಮುಖ ಸಡಿಲಿತು. ಭಾವನ ಕೆನ್ನೆ ಮುಟ್ಟಿದರು. ಬೆರಳಿಗೆ ತಿಳಿಯುತ್ತಿರಲಿಲ್ಲವಾದ್ದರಿಂದ ಅಂಗೈಯನ್ನು ಪೂರ್ತಿ ಒತ್ತಿ ಹಿಡಿದರು. "ಸೊರಗೋಗಿದೀಯ," ಅಂದರು. ಅಷ್ಟೇ. ಮೂರನೆಯ ದಿನ, ಬಿಸಿಲು ನಡುಮನೆಗೆ ಬರುವ ಹೊತ್ತಿಗೆ, ಮಗನ ತೊಡೆಯ ಮೇಲೆ ತಲೆಯಿಟ್ಟುಕೊಂಡೇ ಹೋದರು. ಕೊಳ್ಳಿ ಹಿಡಿದವರು ಭಾವ. ಹೊರಗಿನವನು ಹೇಗೆ ಎಂದು ಯಾರೂ ಕೇಳಲಿಲ್ಲ.

ಕರ್ಮಾಂತರವೆಲ್ಲ ಮುಗಿದ ಮೇಲೆ ಮನೆ ಸಾರಿಸುತ್ತಿದ್ದೆ. ನಾಗಂದಿಗೆಯ ಮೇಲಿನದನ್ನೆಲ್ಲ ಇಳಿಸಿದಾಗ ಆ ಕುಡಿಕೆ ಕೈಗೆ ಬಂತು. ಭಾವ ಬಾಗಿಲಲ್ಲಿ ಕೂತಿದ್ದರು. ಸುಮ್ಮನಾದ ಕುಡಿಕೆಗೆ ಏನು ಮಾಡಬೇಕೆಂದು ಊರಿಗೆಲ್ಲ ಗೊತ್ತು. ಕೇಳುವುದೋ ಬೇಡವೋ ಎಂದು ಹಿಂದುಮುಂದು ನೋಡಿ, ಕೊನೆಗೆ ಕೇಳಿದೆ.

"ಭಾವ, ಇದು ಸುಮ್ಮನಾಗಿದೆಯಲ್ಲ. ಕೆರೆಗೆ ಬಿಡೋಣವಾ?"

ಭಾವ ನನ್ನ ಕಡೆ ತಿರುಗಿದರು. ಇಷ್ಟು ಸಣ್ಣ ವಿಷಯವೂ ತಿಳಿಯದವಳನ್ನು ನೋಡುವ ಹಾಗಿತ್ತು ಆ ನೋಟ.

"ನಂದೂ ಸುಮ್ಮನಾಗಿತ್ತಲ್ಲ ಕಣವ್ವ," ಅಂದರು. "ನಾನು ಬರ್ಲಿಲ್ವಾ?"

ಎದ್ದು ಬಂದು ಕುಡಿಕೆಯನ್ನು ನನ್ನ ಕೈಯಿಂದ ತೆಗೆದುಕೊಂಡರು. ಹೆಗಲ ಮೇಲಿನ ಟವೆಲಿನಿಂದ ಅದರ ಧೂಳು ಒರೆಸಿ, ಗಂಟು ಬಿಗಿಯಾಗಿದೆಯೇ ಎಂದು ಹೆಬ್ಬೆರಳಿನಿಂದ ಒತ್ತಿ ನೋಡಿ, ಸೊಟ್ಟಗಾಲಿನ ಮೇಲೆ ಭಾರ ಹಾಕಿ ಎಟುಕಿಸಿಕೊಂಡು, ನಾಗಂದಿಗೆಯ ನಡುವಿನಲ್ಲಿ ಇಟ್ಟರು.